ವೋಲ್ಟೇಜಿನ ಮಿತಿಯೊಳಗೆ ವೇಗ: ಡೆಸ್ಕ್‌ಟಾಪ್ ಪ್ರೊಸೆಸರ್ ಓವರ್‌ಕ್ಲಾಕಿಂಗ್‌ನ ಸುರಕ್ಷಿತ ಕ್ರಮ

ಡೆಸ್ಕ್‌ಟಾಪ್ ಕಂಪ್ಯೂಟರಿನ ಪ್ರೊಸೆಸರ್ ತನ್ನ ಪ್ರತಿಯೊಂದು ಕೆಲಸವನ್ನೂ ಒಂದು ವಿದ್ಯುತ್ ಮಿಡಿತಕ್ಕೆ ಹೊಂದಿಕೊಂಡು ಮಾಡುತ್ತದೆ. ಈ ಮಿಡಿತಕ್ಕೆ ಕ್ಲಾಕ್ ಎಂದೂ, ಒಂದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ಮಿಡಿಯುತ್ತದೆ ಎಂಬ ಎಣಿಕೆಗೆ ಆವರ್ತಾಂಕ ಎಂದೂ ಹೆಸರು. 5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 500 ಕೋಟಿ ಮಿಡಿತಗಳು. ತಯಾರಕರು ಗೊತ್ತುಪಡಿಸಿದ ಆವರ್ತಾಂಕಕ್ಕಿಂತ ಹೆಚ್ಚಿನದರಲ್ಲಿ ಪ್ರೊಸೆಸರನ್ನು ದುಡಿಸುವುದನ್ನು ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಈ ಕೆಲಸಕ್ಕೆ ಕೈಹಾಕುವವರ ಕಣ್ಣು ಸಾಮಾನ್ಯವಾಗಿ ಗಿಗಾಹರ್ಟ್ಸ್ ಅಂಕಿಯ ಮೇಲೆಯೇ ನೆಟ್ಟಿರುತ್ತದೆ. ಆದರೆ ಆವರ್ತಾಂಕ ಏರಿದ ಮಾತ್ರಕ್ಕೆ ಚಿಪ್ ಸುಡುವುದಿಲ್ಲ. ಸಾಲದ ವೋಲ್ಟೇಜಿನಲ್ಲಿ ಅತಿವೇಗವಾಗಿ ಓಡಿಸಿದರೆ ಅದು ತಪ್ಪು ಲೆಕ್ಕ ಕೊಡುತ್ತದೆ, ಇಲ್ಲವೇ ಕಂಪ್ಯೂಟರ್ ಹ್ಯಾಂಗ್ ಆಗಿ ನಿಲ್ಲುತ್ತದೆ. ಚಿಪ್ಪಿನ ಆಯುಸ್ಸನ್ನು ನಿಜವಾಗಿ ತಿನ್ನುವುದು ವೋಲ್ಟೇಜ್ ಮತ್ತು ಶಾಖ. ಹಾಗಾಗಿ ಸುರಕ್ಷಿತ ಓವರ್‌ಕ್ಲಾಕಿಂಗ್ ಎಂದರೆ ವೋಲ್ಟೇಜಿಗೆ ಮೊದಲೇ ಒಂದು ಮೇಲ್ಮಿತಿ ಹಾಕಿಕೊಂಡು, ಆ ಮಿತಿಯೊಳಗೆ ಎಷ್ಟು ವೇಗ ಸ್ಥಿರವಾಗಿ ಸಿಗುತ್ತದೆ ಎಂದು ಹುಡುಕುವ ಕೆಲಸ. ವೇಗವನ್ನು ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಕೊಡುತ್ತಾ ಹೋಗುವುದು ತಲೆಕೆಳಗಾದ ಕ್ರಮ.

ಒಂದೇ ಮಾದರಿಯ ಎರಡು ಪ್ರೊಸೆಸರುಗಳು ಗುಣದಲ್ಲಿ ಎಂದೂ ಪೂರ್ತಿ ಸಮನಾಗಿರುವುದಿಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಕೋಟ್ಯಂತರ ಟ್ರಾನ್ಸಿಸ್ಟರುಗಳನ್ನು ಮೂಡಿಸುವಾಗ ಉಂಟಾಗುವ ಸೂಕ್ಷ್ಮ ವ್ಯತ್ಯಾಸಗಳಿಂದ ಒಂದು ಚಿಪ್ ಕಡಿಮೆ ವೋಲ್ಟೇಜಿನಲ್ಲಿ ಮಾಡುವ ಕೆಲಸಕ್ಕೆ ಇನ್ನೊಂದು ಹೆಚ್ಚಿನ ವೋಲ್ಟೇಜ್ ಕೇಳುತ್ತದೆ; ತಯಾರಕರು ಆ ಮಾದರಿಯ ಹೆಸರಿನಲ್ಲಿ ಮಾರಾಟವಾಗುವ ತೀರ ಸಾಧಾರಣ ಚಿಪ್ ಕೂಡ ಕಷ್ಟದ ಪರಿಸ್ಥಿತಿಯಲ್ಲಿ ತಡೆದುಕೊಳ್ಳಬಲ್ಲ ವೇಗವನ್ನೇ ಎಲ್ಲಕ್ಕೂ ನಿಗದಿಮಾಡುತ್ತಾರೆ. ಉತ್ತಮ ಚಿಪ್ಪುಗಳಲ್ಲಿ ಹೀಗೆ ಉಳಿದುಹೋಗುವ ಅವಕಾಶವೇ ಓವರ್‌ಕ್ಲಾಕಿಂಗ್‌ನ ಬಂಡವಾಳ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಇದಕ್ಕೆ ಹೆಸರಾದ ಉದಾಹರಣೆ: 66 ಮೆಗಾಹರ್ಟ್ಸ್‌ನ ಮೂಲ ಕ್ಲಾಕನ್ನು 4.5ರಿಂದ ಗುಣಿಸಿ 300 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತಿದ್ದ ಈ ಅಗ್ಗದ ಪ್ರೊಸೆಸರಿನ ಮೂಲ ಕ್ಲಾಕನ್ನು 100ಕ್ಕೆ ಏರಿಸಿದೊಡನೆ ಅದು 450 ಮೆಗಾಹರ್ಟ್ಸ್ ಮುಟ್ಟುತ್ತಿತ್ತು. ಅಂಥ ಐವತ್ತು ಪ್ರತಿಶತದ ಏರಿಕೆಯ ಕಾಲ ಈಗ ಮುಗಿದಿದೆ. ಇಂದಿನ ಪ್ರೊಸೆಸರುಗಳು ಟರ್ಬೊ ಅಥವಾ ಬೂಸ್ಟ್ ಎಂಬ ವ್ಯವಸ್ಥೆಯ ಮೂಲಕ ಶಾಖ ಮತ್ತು ವಿದ್ಯುತ್ತಿನ ಮಿತಿ ನೋಡಿಕೊಂಡು ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುವುದರಿಂದ ಬಳಕೆದಾರನ ಪಾಲಿಗೆ ಉಳಿಯುವುದು ಬಹುಮಟ್ಟಿಗೆ ಐದರಿಂದ ಹತ್ತು ಪ್ರತಿಶತದ ಲಾಭ ಮಾತ್ರ. ವಿಡಿಯೊ ರೆಂಡರಿಂಗ್, ಪ್ರೋಗ್ರಾಮುಗಳ ಕಂಪೈಲ್ ಮುಂತಾಗಿ ಎಲ್ಲ ಕೋರುಗಳನ್ನೂ, ಅಂದರೆ ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕಗಳನ್ನೂ, ಒಟ್ಟಿಗೆ ದುಡಿಸುವ ಕೆಲಸಗಳಲ್ಲಿ ಈ ಲಾಭ ಕಾಣುತ್ತದೆ. ಗ್ರಾಫಿಕ್ಸ್ ಕಾರ್ಡಿನ ಸಾಮರ್ಥ್ಯವೇ ಮಿತಿಯಾಗಿರುವ ಆಟಗಳಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಇಷ್ಟನ್ನು ತಿಳಿದುಕೊಂಡು ಮುಂದುವರಿಯುವುದು ಒಳ್ಳೆಯದು.

ಎಲ್ಲ ಪ್ರೊಸೆಸರುಗಳೂ ಓವರ್‌ಕ್ಲಾಕಿಂಗ್‌ಗೆ ಒಗ್ಗುವುದಿಲ್ಲ. ಇಂಟೆಲ್ ಸಂಸ್ಥೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಯಲ್ಲಿ ಕೆ ಅಕ್ಷರವುಳ್ಳವುಗಳ ಗುಣಕವನ್ನು, ಅಂದರೆ ಮೂಲ ಕ್ಲಾಕನ್ನು ಎಷ್ಟರಿಂದ ಗುಣಿಸಬೇಕೆಂಬ ಸಂಖ್ಯೆಯನ್ನು, ಬದಲಿಸಲು ಬಿಡಲಾಗಿದೆ; ಅದಕ್ಕೆ ಝಡ್ ಸಾಲಿನ ಚಿಪ್‌ಸೆಟ್ ಇರುವ, ಉದಾಹರಣೆಗೆ ಝಡ್690 ಅಥವಾ ಝಡ್790, ಮದರ್‌ಬೋರ್ಡ್ ಬೇಕು. ಎಎಂಡಿ ಸಂಸ್ಥೆಯ ರೈಜೆನ್ ಸಾಲಿನಲ್ಲಿ ಬಹುತೇಕ ಎಲ್ಲ ಪ್ರೊಸೆಸರುಗಳ ಗುಣಕವೂ ಮುಕ್ತವಾಗಿದ್ದು, ಬಿ ಮತ್ತು ಎಕ್ಸ್ ಸಾಲಿನ ಚಿಪ್‌ಸೆಟ್‌ಗಳು ಇದಕ್ಕೆ ಅವಕಾಶ ಕೊಡುತ್ತವೆ, ಎ520ಯಂಥ ಎ ಸಾಲಿನವು ಕೊಡುವುದಿಲ್ಲ. ಚಿಪ್ಪಿನ ಮೇಲೆ ಹೆಚ್ಚುವರಿ ಕ್ಯಾಶ್ ಪದರವನ್ನು ಪೇರಿಸಿರುವ ರೈಜೆನ್ 7 5800ಎಕ್ಸ್3ಡಿ ಇದಕ್ಕೆ ಅಪವಾದ. ಅದರ ಗುಣಕವನ್ನು ಸಂಸ್ಥೆಯೇ ಬೀಗ ಹಾಕಿ ಮಾರಿದೆ.

ಪ್ರೊಸೆಸರಿನಷ್ಟೇ ಗಮನ ಕೊಡಬೇಕಾದ ಇನ್ನೊಂದು ಭಾಗ ಮದರ್‌ಬೋರ್ಡಿನ ಮೇಲಿರುವ ವೋಲ್ಟೇಜ್ ನಿಯಂತ್ರಕ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟ್ ಆಸುಪಾಸಿಗೆ ಇಳಿಸುವುದು ಇದರ ಕೆಲಸ. ಅಷ್ಟೇ ವಾಟ್ ಸಾಗಿಸಲು ವೋಲ್ಟೇಜ್ ಇಳಿದಷ್ಟೂ ಪ್ರವಾಹ ಏರಬೇಕಾಗುತ್ತದೆ: 1.25 ವೋಲ್ಟಿನಲ್ಲಿ 150 ವಾಟ್ ಬಳಸುವ ಪ್ರೊಸೆಸರಿನೊಳಕ್ಕೆ 120 ಆಂಪಿಯರ್ ಹರಿಯುತ್ತದೆ. ಇಷ್ಟು ದೊಡ್ಡ ಪ್ರವಾಹವನ್ನು ಹಲವು ಕವಲುಗಳಲ್ಲಿ ಹಂಚಿ ಸಾಗಿಸುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರುಗಳು ಕಾಯುವುದರಿಂದ ಅವುಗಳ ಮೇಲೆ ಲೋಹದ ಹೀಟ್‌ಸಿಂಕ್ ಕೂತಿರಬೇಕು; ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿನಲ್ಲಿ ಬಯಾಸ್ ಎಂಬ ಬೋರ್ಡಿನ ಒಳತಂತ್ರಾಂಶ ಅವಕಾಶ ಕೊಟ್ಟರೂ ಈ ಪ್ರಯೋಗಕ್ಕೆ ಇಳಿಯದಿರುವುದೇ ಕ್ಷೇಮ. ಪ್ರೊಸೆಸರಿನ ಪೆಟ್ಟಿಗೆಯಲ್ಲೇ ಬರುವ ಸಣ್ಣ ಕೂಲರ್ ಕೂಡ ಸಾಲದು. ದೊಡ್ಡ ಗೋಪುರದಾಕಾರದ ಏರ್ ಕೂಲರ್ ಅಥವಾ 240 ಮಿಲಿಮೀಟರಿನ ಲಿಕ್ವಿಡ್ ಕೂಲರ್, ಹೊಸದಾಗಿ ಹಚ್ಚಿದ ಥರ್ಮಲ್ ಪೇಸ್ಟ್, ಗಾಳಿ ಒಳಬರಲೂ ಹೊರಹೋಗಲೂ ದಾರಿಯಿರುವ ಕ್ಯಾಬಿನೆಟ್, ಇವು ಇರಬೇಕಾದ ಕನಿಷ್ಠ ಸಿದ್ಧತೆ.

ವೋಲ್ಟೇಜಿನ ಬಗ್ಗೆ ಇಷ್ಟು ಎಚ್ಚರ ಏಕೆಂಬುದು ಒಂದು ಸರಳ ಸಂಬಂಧದಿಂದ ತಿಳಿಯುತ್ತದೆ. ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವುದಕ್ಕೆ ತಗಲುವ ವಿದ್ಯುತ್ ಬಳಕೆ ಆವರ್ತಾಂಕಕ್ಕೆ ನೇರ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 4.5 ಗಿಗಾಹರ್ಟ್ಸ್‌ನಿಂದ 5 ಗಿಗಾಹರ್ಟ್ಸ್‌ಗೆ ಹೋಗುವಾಗ ವೋಲ್ಟೇಜ್ ಬದಲಾಗದಿದ್ದರೆ ಬಳಕೆ ಸುಮಾರು 11 ಪ್ರತಿಶತ ಏರುತ್ತದೆ. ಅದೇ ಏರಿಕೆಗಾಗಿ ವೋಲ್ಟೇಜನ್ನು 1.15ರಿಂದ 1.30ಕ್ಕೆ ತರಬೇಕಾಗಿ ಬಂದರೆ ಬಳಕೆ 42 ಪ್ರತಿಶತದಷ್ಟು ಹೆಚ್ಚುತ್ತದೆ, ಮತ್ತು ಬಳಸಿದ ಅಷ್ಟೂ ವಿದ್ಯುತ್ ಶಾಖವಾಗಿ ಹೊರಬರುತ್ತದೆ. ಇದರ ಜೊತೆಗೆ ಟ್ರಾನ್ಸಿಸ್ಟರ್ ಮುಚ್ಚಿದ್ದಾಗಲೂ ಸೋರುವ ಪ್ರವಾಹ ಶಾಖ ಏರಿದಂತೆ ತಾನೂ ಏರುತ್ತದೆ. ದೀರ್ಘಕಾಲದ ಹಾನಿಯ ಬಗೆ ಬೇರೆಯದು: ಚಿಪ್ಪಿನೊಳಗಿನ ಸೂಕ್ಷ್ಮ ಲೋಹದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನು ಮೆಲ್ಲಮೆಲ್ಲನೆ ತಳ್ಳಿಕೊಂಡು ಹೋಗಿ ತಂತಿಯನ್ನು ಸವೆಸುತ್ತವೆ, ಇದಕ್ಕೆ ಎಲೆಕ್ಟ್ರೊಮೈಗ್ರೇಷನ್ ಎಂದು ಹೆಸರು, ಪ್ರವಾಹ ದಟ್ಟವಾದಷ್ಟೂ ತಾಪ ಏರಿದಷ್ಟೂ ಈ ಸವೆತ ಚುರುಕಾಗುತ್ತದೆ. ನಿನ್ನೆಯವರೆಗೆ ಸರಿಯಾಗಿ ನಡೆಯುತ್ತಿದ್ದ ವೇಗಕ್ಕೆ ಈಗ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತಿದೆ ಎಂಬುದೇ ಅಂಥ ಸವೆತದ ಮೊದಲ ಸೂಚನೆ, ಮತ್ತು ಆಗ ವೋಲ್ಟೇಜ್ ಏರಿಸುವ ಬದಲು ವೇಗ ಇಳಿಸುವುದೇ ಸರಿಯಾದ ಪ್ರತಿಕ್ರಿಯೆ.

ಶಾಖದ ವಿಷಯದಲ್ಲಿ ಕರ್ನಾಟಕದ ಓದುಗರಿಗೆ ಒಂದು ವಿಶೇಷ ಸೂಚನೆ ಅಗತ್ಯ. ಕೂಲರ್ ಯಾವುದೇ ಇರಲಿ, ಅದು ಪ್ರೊಸೆಸರಿನ ತಾಪವನ್ನು ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಎಂಬಂತೆ ಮಾತ್ರ ಹಿಡಿದಿಡಬಲ್ಲದು. ಕೋಣೆಯ ತಾಪ ಎಷ್ಟು ಏರುತ್ತದೋ ಪ್ರೊಸೆಸರಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ವಿದೇಶದ ತಂಪು ಕೋಣೆಯಲ್ಲಿ ತೆಗೆದ ಅಂಕಿಗಳನ್ನು ಕಲಬುರಗಿ, ರಾಯಚೂರುಗಳ ಏಪ್ರಿಲ್‌-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಹೊಂದಿಸಲಾಗದು. ಬೆಂಗಳೂರಿನಲ್ಲಿಯೇ ಡಿಸೆಂಬರಿನಲ್ಲಿ ಮಾಡಿದ ಹೊಂದಾಣಿಕೆ ಏಪ್ರಿಲಿನಲ್ಲಿ ತಪ್ಪಬಹುದು. 25 ಡಿಗ್ರಿಯ ಕೋಣೆಯಲ್ಲಿ ಪೂರ್ಣ ಹೊರೆಯಡಿ 80 ಡಿಗ್ರಿ ತೋರುವ ಪ್ರೊಸೆಸರ್ 38 ಡಿಗ್ರಿಯ ಕೋಣೆಯಲ್ಲಿ 93ರ ಹತ್ತಿರ ಬರುತ್ತದೆ. ಇಂಟೆಲ್‌ನ ಕೋರ್ ಐ5-12600ಕೆ 100 ಡಿಗ್ರಿಯಲ್ಲಿಯೂ, ರೈಜೆನ್ 7000 ಸಾಲಿನ ಹೆಚ್ಚಿನ ಪ್ರೊಸೆಸರುಗಳು 95 ಡಿಗ್ರಿಯಲ್ಲಿಯೂ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ, ಆದ್ದರಿಂದ ತಂಪು ಕಾಲದಲ್ಲಿ ಪರೀಕ್ಷಿಸುವವರು ಬೇಸಿಗೆಗಾಗಿ ಹತ್ತು ಹದಿನೈದು ಡಿಗ್ರಿಯ ಅವಕಾಶವನ್ನು ಬಿಟ್ಟುಕೊಳ್ಳಲೇಬೇಕು.

ಕೆಲಸ ತೊಡಗುವ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು, ಮದರ್‌ಬೋರ್ಡ್ ತಯಾರಕರ ಹೊಸ ಬಯಾಸ್ ಹಾಕಿಕೊಳ್ಳುವುದು, ಮತ್ತು ಯಾವ ಬದಲಾವಣೆಯೂ ಇಲ್ಲದ ಸ್ಥಿತಿಯಲ್ಲಿ ಕಂಪ್ಯೂಟರ್ ವೇಗದ ಪರೀಕ್ಷೆಯಲ್ಲಿ ಪಡೆಯುವ ಅಂಕ, ತಾಪ, ವೋಲ್ಟೇಜ್‌ಗಳನ್ನು ಬರೆದಿಡುವುದು ಆಗಬೇಕು. ಬಯಾಸ್ ಎಂದರೆ ಆಪರೇಟಿಂಗ್ ಸಿಸ್ಟಮ್ ಏಳುವ ಮೊದಲೇ ಯಂತ್ರಾಂಶವನ್ನು ಸಜ್ಜುಗೊಳಿಸುವ, ಮದರ್‌ಬೋರ್ಡಿನಲ್ಲಿಯೇ ಕೂತಿರುವ ತಂತ್ರಾಂಶ; ಕಂಪ್ಯೂಟರ್ ಆನ್ ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿದರೆ ಅದರ ಪರದೆ ತೆರೆಯುತ್ತದೆ. ತಪ್ಪು ಹೊಂದಿಕೆಯಿಂದ ಕಂಪ್ಯೂಟರ್ ಏಳದೇ ಹೋದರೆ ಗಾಬರಿಯಾಗಬೇಕಿಲ್ಲ. ವಿದ್ಯುತ್ ಸಂಪರ್ಕ ಪೂರ್ತಿ ಕಿತ್ತು, ಬೋರ್ಡಿನ ಕೈಪಿಡಿಯಲ್ಲಿ ತೋರಿಸಿರುವ ಕ್ಲಿಯರ್ ಸಿಮಾಸ್ ಪಿನ್ನುಗಳನ್ನು ಕೆಲವು ಸೆಕೆಂಡು ಜೋಡಿಸಿದರೆ, ಅಥವಾ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ, ಎಲ್ಲ ಹೊಂದಿಕೆಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಆ ಪಿನ್ನುಗಳು ಎಲ್ಲಿವೆಯೆಂದು ಮೊದಲೇ ನೋಡಿಟ್ಟುಕೊಳ್ಳುವುದು ಜಾಣತನ.

ಕ್ರಮವನ್ನು ಒಂದು ನಿಜವಾದ ಮಾದರಿಯ ಮೇಲೆ ವಿವರಿಸುವುದು ಸುಲಭ. 2021ರಲ್ಲಿ ಬಂದ ಕೋರ್ ಐ5-12600ಕೆಯಲ್ಲಿ ಆರು ದೊಡ್ಡ ಪಿ ಕೋರುಗಳೂ ನಾಲ್ಕು ಸಣ್ಣ ಇ ಕೋರುಗಳೂ ಇವೆ. ಪಿ ಕೋರುಗಳ ಗರಿಷ್ಠ ಟರ್ಬೊ ವೇಗ 4.9 ಗಿಗಾಹರ್ಟ್ಸ್, ಆದರೆ ಎಲ್ಲ ಕೋರುಗಳೂ ಒಟ್ಟಿಗೆ ದುಡಿಯುವಾಗ ವೇಗ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಎಲ್ಲ ಪಿ ಕೋರುಗಳನ್ನೂ 5 ಗಿಗಾಹರ್ಟ್ಸ್ ಹತ್ತಿರಕ್ಕೆ ತರುವುದು ಇಲ್ಲಿನ ಯುಕ್ತವಾದ ಗುರಿ. ಬಯಾಸ್‌ನಲ್ಲಿ ಓವರ್‌ಕ್ಲಾಕಿಂಗ್ ವಿಭಾಗಕ್ಕೆ ಏಸಸ್ ಬೋರ್ಡುಗಳಲ್ಲಿ ಎಐ ಟ್ವೀಕರ್, ಗಿಗಾಬೈಟ್‌ನಲ್ಲಿ ಟ್ವೀಕರ್, ಎಂಎಸ್‌ಐನಲ್ಲಿ ಒಸಿ, ಎಎಸ್‌ರಾಕ್‌ನಲ್ಲಿ ಒಸಿ ಟ್ವೀಕರ್ ಎಂದು ಹೆಸರಿದೆ. ಬೇಸ್ ಕ್ಲಾಕ್ ಎಂಬ ಮೂಲ ಮಿಡಿತವನ್ನು 100 ಮೆಗಾಹರ್ಟ್ಸ್‌ನಲ್ಲಿಯೇ ಬಿಡಬೇಕು; ಅದನ್ನು ಬದಲಿಸಿದರೆ ರ‍್ಯಾಮ್ ಮತ್ತು ಒಳಗಿನ ಇತರ ಸಂಪರ್ಕಗಳ ವೇಗವೂ ಅದರೊಡನೆ ಸರಿದು, ತೊಂದರೆ ಬಂದಾಗ ಕಾರಣ ಯಾವುದೆಂದು ಹಿಡಿಯುವುದೇ ಕಷ್ಟವಾಗುತ್ತದೆ. ಬದಲಿಸಬೇಕಾದುದು ಪಿ ಕೋರುಗಳ ಗುಣಕವನ್ನು ಮಾತ್ರ. ಇ ಕೋರುಗಳನ್ನೂ, ಕೋರುಗಳನ್ನು ಬೆಸೆಯುವ ರಿಂಗ್ ಎಂಬ ಒಳಮಾರ್ಗದ ವೇಗವನ್ನೂ ಮೊದಲ ಸುತ್ತಿನಲ್ಲಿ ಮುಟ್ಟದಿರುವುದು ಲೇಸು.

ಗುಣಕ ಏರಿಸಿ ವೋಲ್ಟೇಜನ್ನು ಆಟೊ ಸ್ಥಿತಿಯಲ್ಲಿ ಬಿಡುವುದು ಅನೇಕರು ಹಿಡಿಯುವ ದಾರಿ, ಅದು ಅಪಾಯಕರವೂ ಹೌದು. ಕಂಪ್ಯೂಟರ್ ನಿಲ್ಲದಿರಲೆಂದು ಬೋರ್ಡು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ತಾನೇ ಕೊಟ್ಟುಬಿಡಬಹುದು. ಆದ್ದರಿಂದ ಹುಡುಕಾಟದ ಅವಧಿಯಲ್ಲಿ ಕೋರ್ ವೋಲ್ಟೇಜನ್ನು ಕೈಯಾರೆ 1.20ಕ್ಕೆ ನಿಲ್ಲಿಸಿ, ಗುಣಕವನ್ನು 48ಕ್ಕೆ ಇಟ್ಟು ಆರಂಭಿಸಬಹುದು. ಆಪರೇಟಿಂಗ್ ಸಿಸ್ಟಮ್ ಸರಿಯಾಗಿ ಎದ್ದು ಸಿನಿಬೆಂಚ್‌ನಂಥ ಪರೀಕ್ಷೆ ಹತ್ತು ಹದಿನೈದು ನಿಮಿಷ ತೊಡಕಿಲ್ಲದೆ ನಡೆದರೆ ಗುಣಕವನ್ನು 49ಕ್ಕೆ, ಬಳಿಕ 50ಕ್ಕೆ ಏರಿಸಬೇಕು. ಪರೀಕ್ಷೆ ಕುಸಿದರೆ ವೋಲ್ಟೇಜನ್ನು 0.02ರಷ್ಟು ಹೆಚ್ಚಿಸಿ ಮತ್ತೆ ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಯೂ ಬರಹದಲ್ಲಿ, ಎಂಬ ಶಿಸ್ತನ್ನು ಇಲ್ಲಿ ಸಡಿಲಿಸಬಾರದು. ಪ್ರತಿದಿನ ಬಳಸುವ, ಏರ್ ಕೂಲರ್ ಇರುವ ಕಂಪ್ಯೂಟರಿಗೆ 1.30 ವೋಲ್ಟನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳುವುದು ಸಂಯಮದ ಆಯ್ಕೆ. ಇದು ಇಂಟೆಲ್ ಕೊಟ್ಟ ಖಾತರಿಯ ಅಂಕಿಯಲ್ಲ, ಶಾಖವನ್ನೂ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹಾಕಿಕೊಳ್ಳುವ ಗೆರೆ. ಆ ಗೆರೆಯ ಬಳಿ ಬಂದಾಗ 100 ಮೆಗಾಹರ್ಟ್ಸ್‌ಗಾಗಿ 0.05 ವೋಲ್ಟ್ ಬೇಕಾಗುತ್ತಿದ್ದರೆ ಆ 100 ಮೆಗಾಹರ್ಟ್ಸ್ ಬಿಟ್ಟುಕೊಡುವುದು ಲಾಭದಾಯಕ.

ಇದೇ ವಿಭಾಗದಲ್ಲಿ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂಬ ಆಯ್ಕೆ ಕಾಣಿಸುತ್ತದೆ, ಮತ್ತು ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಅದೇ. ಪ್ರೊಸೆಸರ್ ಮೇಲೆ ಹೊರೆ ಬಿದ್ದಾಗ ಪ್ರವಾಹ ಹೆಚ್ಚಿ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಈ ಕುಸಿತ ದೋಷವಲ್ಲ, ಉದ್ದೇಶಪೂರ್ವಕವಾಗಿ ಇಟ್ಟದ್ದು, ಏಕೆಂದರೆ ಹೊರೆ ಥಟ್ಟನೆ ಇಳಿದ ಕ್ಷಣದಲ್ಲಿ ವೋಲ್ಟೇಜ್ ಮೇಲಕ್ಕೆ ಚಿಮ್ಮಿದಾಗ ಅದು ಮಿತಿ ದಾಟದಂತೆ ಈ ಅಂತರ ಕಾಯುತ್ತದೆ. ಲೋಡ್‌ಲೈನ್ ಕ್ಯಾಲಿಬ್ರೇಷನ್ ಕುಸಿತವನ್ನು ತಗ್ಗಿಸುತ್ತದೆ. ಅದನ್ನು ಅತಿ ತೀವ್ರ ಮಟ್ಟಕ್ಕೆ ಇಟ್ಟರೆ ಕುಸಿತ ಇಲ್ಲವಾಗುವುದೇನೋ ನಿಜ, ಆದರೆ ಕಣ್ಣಿಗೆ ಬೀಳದಷ್ಟು ಕಿರಿದಾದ ಅವಧಿಯ ಚಿಮ್ಮುಗಳು ಎತ್ತರವಾಗುತ್ತವೆ, ಮತ್ತು ವೋಲ್ಟೇಜ್ ತೋರಿಸುವ ತಂತ್ರಾಂಶ ಅವನ್ನು ಹಿಡಿಯಲಾರದು. ಮಧ್ಯದ ಮಟ್ಟ ಸಾಕು. ಮಟ್ಟಗಳ ಎಣಿಕೆ ಮಾತ್ರ ಕಂಪನಿಯಿಂದ ಕಂಪನಿಗೆ ತಿರುವುಮುರುವಾಗಿದೆ: ಏಸಸ್ ಬೋರ್ಡುಗಳಲ್ಲಿ ಸಂಖ್ಯೆ ಹೆಚ್ಚಿದಷ್ಟೂ ತೀವ್ರತೆ ಹೆಚ್ಚು, ಎಂಎಸ್‌ಐ ಮತ್ತು ಎಎಸ್‌ರಾಕ್ ಬೋರ್ಡುಗಳಲ್ಲಿ 1 ಎಂಬುದೇ ಅತಿ ತೀವ್ರ. ಬೇರೊಂದು ಕಂಪನಿಯ ಬೋರ್ಡಿಗಾಗಿ ಬರೆದ ಸಂಖ್ಯೆಯನ್ನು ಹಾಗೆಯೇ ನಕಲು ಮಾಡಿದರೆ ಆಗುವ ಅನಾಹುತ ಇದರಿಂದ ಸ್ಪಷ್ಟ.

ಸ್ಥಿರತೆಯ ಪರೀಕ್ಷೆಯಲ್ಲಿ ಅವಸರ ಸಲ್ಲದು. ಕಂಪ್ಯೂಟರ್ ಹ್ಯಾಂಗ್ ಆದರೆ ಅಥವಾ ನೀಲಿ ಪರದೆ ಬಂದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಭಯಪಡಬೇಕಾದುದು ಕಾಣದ ತಪ್ಪಿಗೆ, ಅಂದರೆ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿ, ಅದು ಸದ್ದಿಲ್ಲದೆ ಕಡತದೊಳಗೆ ಸೇರಿ, ವಾರಗಳ ಬಳಿಕ ಒಂದು ಫೋಟೊ ತೆರೆಯದಿರುವುದು ಅಥವಾ ಡೇಟಾಬೇಸ್ ಕೆಟ್ಟಿರುವುದು ತಿಳಿಯುವ ಸ್ಥಿತಿಗೆ. ಮನೆಯ ಲೆಕ್ಕಪತ್ರ, ಸಂಶೋಧನೆಯ ಮಾಹಿತಿ, ಗಿರಾಕಿಗಳ ಕೆಲಸ ಇರುವ ಕಂಪ್ಯೂಟರನ್ನು ಓವರ್‌ಕ್ಲಾಕ್ ಮಾಡದಿರುವುದೇ ಉತ್ತಮವೆಂದು ಹೇಳಬೇಕಾಗುವುದು ಇದೇ ಕಾರಣಕ್ಕೆ. ಪ್ರೈಮ್95, ಒಸಿಸಿಟಿ, ವೈ-ಕ್ರಂಚರ್ ಮುಂತಾದ ತಂತ್ರಾಂಶಗಳು ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಬಿಡದೆ ಮಾಡಿಸಿ, ತಪ್ಪಾದ ಕ್ಷಣವೇ ತಿಳಿಸುತ್ತವೆ. ಇವುಗಳಲ್ಲಿ ಎವಿಎಕ್ಸ್ ಎಂಬ ವಿಶಾಲ ಆದೇಶಗಳನ್ನು ಬಳಸುವ ಪರೀಕ್ಷೆಗಳು ದಿನನಿತ್ಯದ ಯಾವ ಕೆಲಸಕ್ಕಿಂತಲೂ ಹೆಚ್ಚು ಶಾಖ ಹುಟ್ಟಿಸುವುದರಿಂದ ಎಚ್‌ಡಬ್ಲ್ಯುಇನ್‌ಫೋದಂಥ ಮಾಪಕ ತಂತ್ರಾಂಶವನ್ನು ಪಕ್ಕದಲ್ಲಿ ತೆರೆದಿಟ್ಟು, ತಾಪ 90 ಡಿಗ್ರಿ ದಾಟಿದರೆ ಪರೀಕ್ಷೆ ನಿಲ್ಲಿಸಬೇಕು. ಸಣ್ಣ ಪರೀಕ್ಷೆಗಳ ಸುತ್ತು ಮುಗಿದ ಮೇಲೆ ಕೆಲವು ಗಂಟೆಗಳ ದೀರ್ಘ ಪರೀಕ್ಷೆ ನಡೆಸಿ, ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ ಎಂಬ ಹೆಸರಿನ ದಾಖಲೆಗಳಿವೆಯೇ ಎಂದು ನೋಡಬೇಕು. ಪ್ರೊಸೆಸರ್ ತನ್ನೊಳಗಿನ ದೋಷವನ್ನು ತಾನೇ ತಿದ್ದಿಕೊಂಡಾಗ ಪರದೆಯ ಮೇಲೆ ಏನೂ ಕಾಣದಿದ್ದರೂ ಅಲ್ಲಿ ಒಂದು ಗುರುತು ಉಳಿದಿರುತ್ತದೆ, ಮತ್ತು ಅಂಥ ಒಂದೇ ಒಂದು ಗುರುತಿದ್ದರೂ ಆ ವೇಗ ಸ್ಥಿರವಲ್ಲ. ಎಲ್ಲವೂ ಸರಿಯೆಂದು ಖಚಿತವಾದ ಬಳಿಕ ವೋಲ್ಟೇಜನ್ನು ಕೈಯಾರೆ ಕೊಟ್ಟ ಸ್ಥಿರ ಮಟ್ಟದಿಂದ ಅಡಾಪ್ಟಿವ್ ವಿಧಾನಕ್ಕೆ ತಂದರೆ, ಕೆಲಸವಿಲ್ಲದಾಗ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ.

ರೈಜೆನ್ ಬಳಕೆದಾರರಿಗೆ ಈ ದಾರಿ ಅಷ್ಟಾಗಿ ಒಪ್ಪುವುದಿಲ್ಲ. ಎಲ್ಲ ಕೋರುಗಳಿಗೂ ಒಂದೇ ಗುಣಕ ಬಿಗಿದರೆ, ಒಂದೆರಡು ಕೋರುಗಳು ಮಾತ್ರ ದುಡಿಯುವಾಗ ಸಿಗುತ್ತಿದ್ದ ಎತ್ತರದ ಬೂಸ್ಟ್ ಕೈತಪ್ಪುತ್ತದೆ. ಬದಲಿಗೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್ ಎಂಬ ವಿಭಾಗದಲ್ಲಿರುವ ಕರ್ವ್ ಆಪ್ಟಿಮೈಜರ್ ಹೆಚ್ಚು ವಿವೇಕದ ಸಾಧನ: ಪ್ರತಿ ವೇಗಕ್ಕೂ ಚಿಪ್ ಕೇಳುವ ವೋಲ್ಟೇಜಿನ ರೇಖೆಯನ್ನು ಅದು ಕೆಳಕ್ಕೆ ಸರಿಸುತ್ತದೆ, ಒಂದೊಂದು ಮೆಟ್ಟಿಲಿಗೆ ಸುಮಾರು ಮೂರರಿಂದ ಐದು ಮಿಲಿವೋಲ್ಟ್. ವೋಲ್ಟೇಜ್ ಇಳಿದಾಗ ಶಾಖವೂ ಇಳಿದು, ಆ ಉಳಿತಾಯವನ್ನು ಪ್ರೊಸೆಸರ್ ತಾನೇ ವೇಗವಾಗಿ ಮಾರ್ಪಡಿಸಿಕೊಳ್ಳುವುದರಿಂದ ಇಲ್ಲಿ ವೇಗವೂ ತಂಪೂ ಒಟ್ಟಿಗೆ ದೊರೆಯುತ್ತವೆ, ಬಿಸಿಲು ನಾಡಿಗೆ ಇದಕ್ಕಿಂತ ಒಪ್ಪುವ ವಿಧಾನ ಇನ್ನೊಂದಿಲ್ಲ. ಎಲ್ಲ ಕೋರುಗಳಿಗೂ ಋಣ 10ರಿಂದ ಆರಂಭಿಸಿ ಐದೈದಾಗಿ ಮುಂದುವರಿಯಬಹುದು. ಆದರೆ ಇದರ ಸೋಲು ಬರುವುದು ಅನಿರೀಕ್ಷಿತ ಜಾಗದಲ್ಲಿ: ಪೂರ್ಣ ಹೊರೆಯ ಪರೀಕ್ಷೆಯಲ್ಲಿ ಗಂಟೆಗಟ್ಟಲೆ ಗೆದ್ದ ಹೊಂದಿಕೆ, ಒಂದೇ ಕೋರ್ ಎತ್ತರದ ವೇಗಕ್ಕೆ ನೆಗೆಯುವ ಹಗುರ ಕೆಲಸದಲ್ಲಿ, ಅಥವಾ ಸುಮ್ಮನೆ ಬಿಟ್ಟಿದ್ದಾಗ, ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿಸಬಹುದು. ಹೀಗಾಗಿ ಒಂದೊಂದೇ ಕೋರನ್ನು ಸರದಿಯಂತೆ ಪರೀಕ್ಷಿಸುವ ಕೋರ್‌ಸೈಕ್ಲರ್‌ನಂಥ ಸಾಧನವೂ, ಕೆಲವು ದಿನಗಳ ಮಾಮೂಲಿ ಬಳಕೆಯೂ ಪರೀಕ್ಷೆಯ ಭಾಗವಾಗಬೇಕು.

ರ‍್ಯಾಮ್‌ಗಾಗಿ ಬಯಾಸ್‌ನಲ್ಲಿರುವ ಎಕ್ಸ್‌ಎಂಪಿ ಮತ್ತು ಎಕ್ಸ್‌ಪೋ ಎಂಬ ಸಿದ್ಧ ಹೊಂದಿಕೆಗಳು ಕೂಡ ಓವರ್‌ಕ್ಲಾಕಿಂಗ್‌ನ ಒಂದು ಬಗೆಯೇ ಎಂಬುದನ್ನು ಹಲವರು ಗಮನಿಸುವುದಿಲ್ಲ. 2023ರ ಏಪ್ರಿಲಿನಲ್ಲಿ ಕೆಲವು ರೈಜೆನ್ 7000 ಪ್ರೊಸೆಸರುಗಳು ಸಾಕೆಟ್ಟಿನಲ್ಲಿಯೇ ಸುಟ್ಟುಹೋದ ಸುದ್ದಿಗಳು ಬಂದಾಗ, ಇಂಥ ಹೊಂದಿಕೆಯೊಡನೆ ಬೋರ್ಡುಗಳು ಕೊಡುತ್ತಿದ್ದ ಎಸ್‌ಒಸಿ ವೋಲ್ಟೇಜಿಗೆ, ಅಂದರೆ ಮೆಮೊರಿ ನಿಯಂತ್ರಕವೂ ಸೇರಿರುವ ಭಾಗದ ವೋಲ್ಟೇಜಿಗೆ, ಎಎಂಡಿ 1.3ರ ಕಟ್ಟು ಹಾಕಿ ಹೊಸ ಬಯಾಸ್ ಹೊರಡಿಸಬೇಕಾಯಿತು. ಮರುವರ್ಷ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಯಾರೂ ಓವರ್‌ಕ್ಲಾಕ್ ಮಾಡದೆಯೂ ಸವೆಯುತ್ತಿರುವುದು ಬೆಳಕಿಗೆ ಬಂತು. ಪ್ರೊಸೆಸರ್ ತಾನಾಗಿ ಅಳತೆಮೀರಿದ ವೋಲ್ಟೇಜ್ ಕೇಳುತ್ತಿದ್ದುದು ಮತ್ತು ಬೋರ್ಡುಗಳು ವಿದ್ಯುತ್ ಮಿತಿಯನ್ನು ಸಡಿಲ ಬಿಟ್ಟಿದ್ದುದು ಎರಡೂ ಇದರ ಹಿಂದಿನ ಕಾರಣಗಳೆಂದು ಇಂಟೆಲ್ ತಿಳಿಸಿತು, 2024ರ ಆಗಸ್ಟಿನ 0ಎಕ್ಸ್129 ಎಂಬ ಮೈಕ್ರೊಕೋಡ್, ಅಂದರೆ ಪ್ರೊಸೆಸರಿನ ಒಳ ಆದೇಶಗಳ ನವೀಕರಣ, 1.55 ವೋಲ್ಟಿಗಿಂತ ಹೆಚ್ಚಿನ ಬೇಡಿಕೆಯನ್ನು ತಡೆಯಿತು, ಖಾತರಿಯ ಅವಧಿಯನ್ನೂ ಎರಡು ವರ್ಷ ಹೆಚ್ಚಿಸಲಾಯಿತು. ಆ ತಲೆಮಾರುಗಳ ಪ್ರೊಸೆಸರ್ ಇರುವವರು ಹೊಸ ಬಯಾಸ್ ಹಾಕಿ ಇಂಟೆಲ್ ಡಿಫಾಲ್ಟ್ ಸೆಟಿಂಗ್ಸ್ ಎಂಬ ಆಯ್ಕೆಗೆ ಬದಲಾಯಿಸಿಕೊಳ್ಳದೆ ಬೇರೇನನ್ನೂ ಮುಟ್ಟಬಾರದು.

ವಿದ್ಯುತ್ ಪದೇ ಪದೇ ಹೋಗಿಬರುವ ಊರುಗಳಲ್ಲಿ ಯುಪಿಎಸ್‌ನ ಲೆಕ್ಕವೂ ಬದಲಾಗುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ ಹೊರಬಲ್ಲದ್ದು ಬಹುಮಟ್ಟಿಗೆ 360 ವಾಟ್ ಮಾತ್ರ; ಓವರ್‌ಕ್ಲಾಕ್ ಆದ ಪ್ರೊಸೆಸರಿನ ಜೊತೆ ಗ್ರಾಫಿಕ್ಸ್ ಕಾರ್ಡೂ ದುಡಿಯುತ್ತಿರುವಾಗ ವಿದ್ಯುತ್ ಹೋದರೆ ಅದು ಕೈಕೊಡಬಹುದು. ಬಯಾಸ್ ನವೀಕರಿಸುತ್ತಿರುವಾಗ ವಿದ್ಯುತ್ ನಿಂತರೆ ಬೋರ್ಡೇ ನಿಷ್ಕ್ರಿಯವಾಗುವ ಸಂಭವವಿರುವುದರಿಂದ ಆ ಕೆಲಸವನ್ನಂತೂ ಯುಪಿಎಸ್ ಮೇಲೆಯೇ ಮಾಡಬೇಕು. ಗುಣಕ ಬದಲಿಸಲು ಬಿಟ್ಟಿರುವ ಪ್ರೊಸೆಸರುಗಳಿಗೂ, ನಿಗದಿ ಮೀರಿದ ಬಳಕೆಯಿಂದಾದ ಹಾನಿಗೆ ಖಾತರಿ ಅನ್ವಯಿಸುವುದಿಲ್ಲವೆಂದು ತಯಾರಕರು ಷರತ್ತು ಹಾಕಿರುತ್ತಾರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿಕೊಳ್ಳುವವರು ಬಿಲ್ಲಿನೊಡನೆ ಆ ಷರತ್ತುಗಳನ್ನೂ ಓದಿಟ್ಟುಕೊಳ್ಳಬೇಕು.

ಕೊನೆಯದಾಗಿ ದೊರೆತ ಹೊಂದಿಕೆಯನ್ನು ಬಯಾಸ್‌ನ ಪ್ರೊಫೈಲ್ ವಿಭಾಗದಲ್ಲಿ ಉಳಿಸುವುದರ ಜೊತೆಗೆ ಕಾಗದದಲ್ಲಿಯೂ ಬರೆದಿಡಬೇಕು. ಬಯಾಸ್ ನವೀಕರಿಸಿದಾಗ ಉಳಿಸಿದ ಪ್ರೊಫೈಲ್‌ಗಳು ಅಳಿಸಿಹೋಗುವುದುಂಟು, ಮತ್ತು ಹಳೆಯ ಆವೃತ್ತಿಯ ಪ್ರೊಫೈಲನ್ನು ಹೊಸದರಲ್ಲಿ ತೆರೆದರೆ ಕೆಲವು ಅಂಕಿಗಳು ಬೇರೆ ಅರ್ಥ ಪಡೆಯುವ ಸಾಧ್ಯತೆಯಿರುವುದರಿಂದ, ಪ್ರತಿ ಅಂಕಿಯನ್ನೂ ಕೈಯಾರೆ ಮತ್ತೆ ತುಂಬಿ, ದೀರ್ಘ ಪರೀಕ್ಷೆಯನ್ನು ಇನ್ನೊಮ್ಮೆ ನಡೆಸಬೇಕಾಗುತ್ತದೆ.